ಒಂದೇ ಮುತ್ತಿನ ಕಾದಂಬರಿಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಐತಿಹಾಸಿಕ ಪ್ರೇಮ ಕಾದಂಬರಿಗಳ ಬಗ್ಗೆ ಏನು ಬೇಕಾದರೂ ಕೇಳಿ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ಬಗೆಯ ಪುಸ್ತಕಗಳ ಬಗ್ಗೆ. ಅಮೆರಿಕ ಇನ್ನೂ ಬ್ರಿಟಿಷರ ವಸಾಹತಾಗಿದ್ದ ಕಾಲದಲ್ಲಿ ನಡೆಯುವ, ಹಾಸಿಗೆ ದೃಶ್ಯಗಳಿಲ್ಲದ ಇಂಗ್ಲಿಷ್ ಪ್ರೇಮ ಕಾದಂಬರಿಗಳು. 'ಕ್ಲೀನ್ ರೊಮ್ಯಾನ್ಸ್' ಅಂತ ಕರೆಯುತ್ತಾರಲ್ಲ, ಅವು. ನನಗೂ ತುಂಬಾ ಹತ್ತಿರದ ವಿಷಯ, ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ಮೇಡಂ, ನನಗೆ ಪ್ರೇಮ ಕಾದಂಬರಿ ಅಂದರೆ ಪ್ರಾಣ. ಆದರೆ ಮಲಗುವ ಕೋಣೆಯ ವಿವರ ಶುರುವಾದರೆ ಪುಟ ಮಗುಚಿಬಿಡುತ್ತೇನೆ. ಈಚೆಗೆ ಗೆಳತಿಯೊಬ್ಬಳು ವರ್ಜೀನಿಯಾದ ಕಥೆಯೊಂದನ್ನು ಕೊಟ್ಟಳು. ಅಷ್ಟು ದಪ್ಪ ಪುಸ್ತಕಕ್ಕೆ ಒಂದೇ ಒಂದು ಮುತ್ತು, ಅದೂ ಕೊನೆಯಲ್ಲಿ. ಆದರೂ ಕೆಳಗಿಡೋಕೆ ಆಗಲಿಲ್ಲ. "ಅದರಲ್ಲಿ ಏನಿದೆ ಅಂತ ಓದ್ತೀಯ" ಅಂತ ಮನೆಯಲ್ಲಿ ಕೇಳುತ್ತಾರೆ. ಏನಿದೆ ಅಂತ ಹೇಳೋಕೆ ನನಗೇ ಬರುತ್ತಿಲ್ಲ.

ಉತ್ತರ: ಅದರಲ್ಲಿ ಇರುವುದು ಅಡ್ಡಿ. ಇಬ್ಬರು ಪ್ರೀತಿಸಿದ ಮೇಲೂ ಅವರ ನಡುವೆ ನಿಂತೇ ಇರುವ, ಸುಲಭಕ್ಕೆ ದಾಟಲಾಗದ ಅಡ್ಡಿ. ಇವತ್ತಿನ ಕಾಲದ ಪ್ರೇಮಕಥೆ ಬರೆಯುವವರಿಗೆ ದೊಡ್ಡ ತಲೆನೋವು ಇದೇ ನೋಡಿ. ಇಬ್ಬರ ಕೈಯಲ್ಲೂ ಫೋನ್ ಇದೆ, ಇಬ್ಬರೂ ದುಡಿಯುತ್ತಾರೆ, ಯಾರೂ ಬೇಡ ಅನ್ನುತ್ತಿಲ್ಲ. ಅವರನ್ನು ಮುನ್ನೂರು ಪುಟ ದೂರ ಇಡಬೇಕಾದರೆ ಸುಮ್ನೆ ಒಂದು ಜಗಳವನ್ನೋ ತಪ್ಪು ತಿಳಿವಳಿಕೆಯನ್ನೋ ತಂದು ಹಾಕಬೇಕಾಗುತ್ತದೆ. 1750ರ ವರ್ಜೀನಿಯಾದಲ್ಲಿ ಆ ಕಷ್ಟವೇ ಇಲ್ಲ. ಕಾನೂನು, ಸಮುದ್ರ, ಚಳಿ, ಚರ್ಚು, ಸಾಲ, ಎಲ್ಲವೂ ಸೇರಿ ಅವರನ್ನು ದೂರ ಇಡುತ್ತವೆ.

ಈ ಕಾದಂಬರಿಗಳಲ್ಲಿ ಪದೇ ಪದೇ ಬರುವ ನಾಯಕಿಯನ್ನೇ ತೆಗೆದುಕೊಳ್ಳಿ: ಕರಾರಿನ ಆಳಾಗಿ ಬಂದ ಹುಡುಗಿ. ಹಡಗಿನ ಖರ್ಚು ಕೊಡಲು ಕಾಸಿಲ್ಲ, ದುಡಿದು ತೀರಿಸುತ್ತೇನೆ ಅಂತ ಸಹಿ ಹಾಕಿ ಬಂದವಳು. ಸಾಮಾನ್ಯವಾಗಿ 4ರಿಂದ 7 ವರ್ಷದ ಕರಾರು. ಅದು ಮುಗಿಯುವ ತನಕ ಯಜಮಾನನ ಒಪ್ಪಿಗೆ ಇಲ್ಲದೆ ಮದುವೆ ಆಗುವಂತಿಲ್ಲ. ಗುಟ್ಟಾಗಿ ಆದರೆ ದುಡಿಮೆಯ ಅವಧಿ ಇನ್ನೂ ಬೆಳೆಯುತ್ತದೆ. ಈಗ ಅವಳಿಗೆ ಪಕ್ಕದ ಕಮ್ಮಾರನ ಮೇಲೆ ಮನಸ್ಸಾಯಿತು ಅಂದುಕೊಳ್ಳಿ. ಅವಳು ಅವನನ್ನು ತಲೆಯೆತ್ತಿ ನೋಡಿದರೂ ಅದಕ್ಕೊಂದು ಬೆಲೆ ಇದೆ. ಅವನು ಕಾಯುತ್ತೇನೆ ಅಂದರೆ ಅದು ಎಷ್ಟು ದೊಡ್ಡ ಮಾತು ಅಂತ ನಮಗೆ ಗೊತ್ತಿದೆ, ಯಾಕೆಂದರೆ ಎಷ್ಟು ವರ್ಷ ಅಂತ ಗೊತ್ತಿದೆ. ಇಂಥ ಕಡೆ ಕೈಗೆ ಕೈ ತಾಗಿದರೂ ಓದುವವರ ಎದೆ ಡವಗುಟ್ಟುತ್ತದೆ.

ಪತ್ರಗಳೂ ಅಷ್ಟೇ. ಆಗ ಲಕೋಟೆ ಬಳಸುತ್ತಿದ್ದದ್ದು ತೀರಾ ಅಪರೂಪ, ಯಾಕೆಂದರೆ ಹಾಳೆ ಹೆಚ್ಚಾದಷ್ಟೂ ಅಂಚೆಯ ಖರ್ಚು ಹೆಚ್ಚು. ಒಂದೇ ದೊಡ್ಡ ಹಾಳೆಯಲ್ಲಿ ಬರೆದು, ಬರಹ ಒಳಗೆ ಬರುವ ಹಾಗೆ ಮಡಚಿ, ಒಂದು ಅಂಚನ್ನು ಇನ್ನೊಂದರೊಳಗೆ ತೂರಿಸಿ, ಅರಗು ಕರಗಿಸಿ ಮುದ್ರೆ ಒತ್ತಿ, ಹೊರಮೈ ಮೇಲೆ ವಿಳಾಸ ಬರೆಯುತ್ತಿದ್ದರು. ಹಣವನ್ನು ಹೆಚ್ಚಾಗಿ ಪತ್ರ ಪಡೆಯುವವರೇ ಕೊಡಬೇಕಿತ್ತು. ಮುದ್ರೆ ಒಡೆದಿದ್ದರೆ ಯಾರೋ ಮೊದಲೇ ಓದಿದ್ದಾರೆ ಅಂತ ಅರ್ಥ. ಲಂಡನ್ನಿಗೆ ಬರೆದ ಪತ್ರಕ್ಕೆ ಉತ್ತರ ಬರಲು ಅರ್ಧ ವರ್ಷವೇ ಹಿಡಿಯಬಹುದಿತ್ತು. ಅಷ್ಟರಲ್ಲಿ ಬರೆದವನು ಬದುಕಿದ್ದಾನೋ ಇಲ್ಲವೋ!

ನಿಮ್ಮ ಮನೆಯವರಿಗೆ ತೋರಿಸಲು ಒಂದು ನಿಜವಾದ ಉದಾಹರಣೆಯೂ ಇದೆ. ಮುಂದೆ ಅಮೆರಿಕದ 2ನೇ ಅಧ್ಯಕ್ಷರಾದ ಜಾನ್ ಆಡಮ್ಸ್, 1762ರ ಅಕ್ಟೋಬರ್‌ನಲ್ಲಿ ಇನ್ನೂ ಹದಿನೇಳು ವರ್ಷದ ಅಬಿಗೇಲ್ ಸ್ಮಿತ್‌ಗೆ ಒಂದು ಚೀಟಿ ಕಳಿಸಿದರು. ವಕೀಲರಲ್ವಾ, ಹಣ ಪಾವತಿಯ ಆದೇಶದ ಧಾಟಿಯಲ್ಲೇ ಬರೆದಿದ್ದಾರೆ: ಈ ಚೀಟಿ ತಂದವನಿಗೆ ಅವನು ಕೇಳಿದಷ್ಟು ಮುತ್ತು ಕೊಟ್ಟು ಅದನ್ನು ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ ಅಂತ. ತಂದವನು ಅವರೇ. ಇಬ್ಬರೂ 1764ರ ಅಕ್ಟೋಬರ್ 25ರಂದು ಮದುವೆಯಾದರು. ಆಮೇಲೆ ರಾಜಕೀಯ ಅವರನ್ನು ವರ್ಷಗಟ್ಟಲೆ ದೂರ ಇಟ್ಟಿತು, ಹಾಗಾಗಿ ಸಾವಿರಕ್ಕೂ ಹೆಚ್ಚು ಪತ್ರಗಳು ಉಳಿದವು. ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯವರು ಅವನ್ನು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಓದಿ ನೋಡಿ, ಯಾವ ಕಾದಂಬರಿಗೂ ಕಡಿಮೆಯಿಲ್ಲ.

ಪ್ರಶ್ನೆ: ಇತಿಹಾಸ ಗೊತ್ತಿಲ್ಲದೆ ಇವನ್ನು ಓದಬಹುದಾ? ಇಸವಿಗಳೆಲ್ಲ ಕಲಸುಮೇಲೋಗರ ಆಗುತ್ತಿವೆ.

ಉತ್ತರ: ಧಾರಾಳವಾಗಿ ಓದಬಹುದು. ಕೆಲವು ಇಸವಿ ನೆನಪಿಟ್ಟರೆ ಸಾಕು. 1607ರಲ್ಲಿ ವರ್ಜೀನಿಯಾದಲ್ಲಿ ಜೇಮ್ಸ್‌ಟೌನ್ ಅನ್ನುವ ಇಂಗ್ಲಿಷರ ನೆಲೆ, 1620ರಲ್ಲಿ ಪ್ಲಿಮತ್‌ಗೆ ವಲಸಿಗರ ಮೇಫ್ಲವರ್ ಹಡಗು, 1692ರಲ್ಲಿ ಸೇಲಂ ಊರಿನ ಮಾಟಗಾತಿ ವಿಚಾರಣೆ, 1754ರಿಂದ 1763ರವರೆಗೆ ಫ್ರೆಂಚರ ಜೊತೆ ಯುದ್ಧ, 1773ರ ಡಿಸೆಂಬರ್ 16ರಂದು ಬಾಸ್ಟನ್ ಬಂದರಿನಲ್ಲಿ ತೆರಿಗೆಯ ಸಿಟ್ಟಿಗೆ 342 ಪೆಟ್ಟಿಗೆ ಚಹಾ ನೀರುಪಾಲು, 1776ರಲ್ಲಿ ಸ್ವಾತಂತ್ರ್ಯ ಘೋಷಣೆ. ಲೆಕ್ಕದ ಪ್ರಕಾರ ವಸಾಹತು ಕಾಲ ಅಲ್ಲಿಗೆ ಮುಗಿಯಬೇಕು, ಆದರೆ ಸ್ವಾತಂತ್ರ್ಯ ಯುದ್ಧ ಮುಗಿದ 1783ರವರೆಗಿನ ಕಥೆಗಳನ್ನೂ ಪ್ರಕಾಶಕರು ಇದೇ ಗುಂಪಿಗೆ ಸೇರಿಸುತ್ತಾರೆ.

ಇಸವಿಗಿಂತ ಊರು ಮುಖ್ಯ. ಬಾಸ್ಟನ್ ಕಥೆ ಅಂದರೆ ಪ್ಯೂರಿಟನ್ ಅನ್ನುವ ಕಟ್ಟುನಿಟ್ಟಿನ ಕ್ರೈಸ್ತ ಪಂಥದ ಶಿಸ್ತು, ವ್ಯಾಪಾರಿಗಳು, ಹಡಗು. ವರ್ಜೀನಿಯಾದ ವಿಲಿಯಮ್ಸ್‌ಬರ್ಗ್ ಅಂದರೆ ತಂಬಾಕಿನ ತೋಟದ ಸಿರಿವಂತರು, ಗವರ್ನರ್ ಮನೆಯ ನೃತ್ಯ. ಪೆನ್ಸಿಲ್ವೇನಿಯಾ ಅಂದರೆ ಕ್ವೇಕರ್ ಅನ್ನುವ ಸರಳ ಬದುಕಿನ ಕ್ರೈಸ್ತ ಪಂಥದವರು, ಜರ್ಮನ್ ರೈತರು. ಕ್ವೇಕರ್ ಕಥೆಗಳು ನನಗೆ ವಿಶೇಷ ಇಷ್ಟ, ಯಾಕೆಂದರೆ ಅಲ್ಲಿನ ಅಡ್ಡಿ ತುಂಬಾ ಸ್ಪಷ್ಟ: ಪಂಥದ ಹೊರಗೆ ಮದುವೆಯಾದರೆ ಪಂಥದಿಂದಲೇ ಹೊರಗೆ. ಅಮೆರಿಕದ ಬಾವುಟ ಹೊಲಿದವಳು ಅಂತ ಜನ ಹೇಳುವ ಬೆಟ್ಸಿ ರಾಸ್‌ಗೆ ಆದದ್ದೂ ಇದೇ. ಕ್ವೇಕರ್ ಮನೆಯ ಈ ಹುಡುಗಿ ಜಾನ್ ರಾಸ್ ಅನ್ನುವ ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಅಧಿಕೃತ ಚರ್ಚಿನ, ಹುಡುಗನನ್ನು ಕುರ್ಚಿ, ಹಾಸಿಗೆ ಹೊಲಿಯುವ ಕೆಲಸ ಕಲಿಯುವಾಗ ಕಂಡಳು. 1773ರಲ್ಲಿ ಇಬ್ಬರೂ ನದಿ ದಾಟಿ ನ್ಯೂಜೆರ್ಸಿಗೆ ಹೋಗಿ ಮದುವೆಯಾದರು. ಪಂಥದವರು ಅವಳನ್ನು ಹೊರಗೆ ಹಾಕಿದರು. ಮದುವೆಯಾಗಿ ಮೂರು ವರ್ಷ ತುಂಬುವ ಮೊದಲೇ ಗಂಡ ತೀರಿಕೊಂಡ. ಬಾವುಟದ ಕಥೆ ಎಷ್ಟು ನಿಜವೋ, ಈ ಮದುವೆಯಂತೂ ನಿಜ.

ಪ್ರಶ್ನೆ: ಹಡಗಿನಲ್ಲಿ ಹೆಂಗಸರನ್ನು ಕರೆತಂದು, ಗಂಡಸರು ತಂಬಾಕು ಕೊಟ್ಟು ಮದುವೆ ಆಗುವ ಕಥೆ ಓದಿದೆ. ಇದು ಹೆಣ್ಣನ್ನು ಮಾರಿದ ಹಾಗಲ್ವಾ? ಇದನ್ನು ಪ್ರೇಮಕಥೆ ಅಂತ ಹೇಗೆ ಒಪ್ಪಿಕೊಳ್ಳೋದು?

ಉತ್ತರ: ನಡೆದದ್ದು ನಿಜ. ಜೇಮ್ಸ್‌ಟೌನ್‌ನಲ್ಲಿ ಗಂಡಸರೇ ತುಂಬಿದ್ದರು. ಸಂಸಾರ ಇಲ್ಲದಿದ್ದರೆ ಇವರು ದುಡ್ಡು ಮಾಡಿಕೊಂಡು ಇಂಗ್ಲೆಂಡಿಗೆ ವಾಪಸ್ ಹೊರಡುತ್ತಾರೆ, ಊರು ನಿಲ್ಲುವುದಿಲ್ಲ ಅನ್ನುವುದು ವಸಾಹತು ನಡೆಸುತ್ತಿದ್ದ ವರ್ಜೀನಿಯಾ ಕಂಪನಿಯ ಚಿಂತೆ. ಹಾಗಾಗಿ 1620ರಲ್ಲಿ ಸುಮಾರು 90 ಹೆಂಗಸರನ್ನು, 1621ರಲ್ಲಿ ಮತ್ತೆ 57 ಮಂದಿಯನ್ನು ಕಳಿಸಿದರು. ಮದುವೆಯಾಗುವ ಗಂಡು ಕಂಪನಿಗೆ ಮೊದಲ ಸಲ 120 ಪೌಂಡು, ಎರಡನೇ ಸಲ 150 ಪೌಂಡು, ಅಂದರೆ ಹೆಚ್ಚು ಕಡಿಮೆ 68 ಕಿಲೋ, ಒಳ್ಳೆಯ ತಂಬಾಕು ಕೊಡಬೇಕಿತ್ತು. ವರ್ಜೀನಿಯಾದಲ್ಲಿ ಆಗ ತಂಬಾಕೇ ದುಡ್ಡು.

ನಿಮಗೆ ಕಸಿವಿಸಿ ಆದದ್ದು ಸರಿಯಾಗಿಯೇ ಇದೆ. ಕಂಪನಿಗೆ ಇದು ವ್ಯವಹಾರ. ಆದರೆ ಇನ್ನೊಂದು ಸಂಗತಿಯೂ ಅದೇ ದಾಖಲೆಗಳಲ್ಲಿದೆ: ಈ ಹೆಂಗಸರಿಗೆ ಇಷ್ಟವಿಲ್ಲದವನ ಜೊತೆ ಮದುವೆ ಮಾಡಿಸಬಾರದು, ಆಯ್ಕೆ ಅವರದ್ದೇ ಅಂತ ಕಂಪನಿ ಹೇಳಿತ್ತು. ಒಳ್ಳೆಯ ಲೇಖಕಿಗೆ ಈ ಒಂದು ಸಾಲೇ ಸಾಕು. ಇಂಗ್ಲೆಂಡಿನಲ್ಲಿ ವರದಕ್ಷಿಣೆ ಹೊಂದಿಸಲಾಗದೆ ಮನೆಗೆಲಸಕ್ಕೆ ಹೋಗಬೇಕಾಗಿದ್ದ ಹುಡುಗಿ, ಇಲ್ಲಿ ದಡಕ್ಕಿಳಿದ ಕೂಡಲೇ ನಾಲ್ಕಾರು ಗಂಡಸರು ಟೊಪ್ಪಿ ತೆಗೆದು ನಿಂತಿರುವುದನ್ನು ನೋಡುತ್ತಾಳೆ. ಬದುಕಿನಲ್ಲಿ ಮೊದಲ ಸಲ 'ಇವನು ಬೇಡ' ಅನ್ನುವ ಅವಕಾಶ. ಆದರೆ ಬೇಡ ಅಂತ ಎಷ್ಟು ದಿನ ಹೇಳಬಹುದು, ಅಷ್ಟು ದಿನ ಅವಳಿಗೆ ಊಟ ಹಾಕುವವರು ಯಾರು? ಪ್ರೇಮಕಥೆ ಹುಟ್ಟುವುದು ಅಲ್ಲಿ. ಈ ಇಕ್ಕಟ್ಟನ್ನು ಬರೆದ ಪುಸ್ತಕ ಓದಿ, ಬರೀ ನಗುತ್ತಾ ಹಡಗಿಳಿಯುವ ವಧುಗಳ ಪುಸ್ತಕ ಬಿಟ್ಟುಬಿಡಿ. ಇನ್ನೊಂದು ಮಾತು, ಅಂಥ ಕಥೆ 1622ರ ಮಾರ್ಚ್‌ಗೆ ಬಂದು ತಲುಪುತ್ತದೋ ಇಲ್ಲವೋ ಗಮನಿಸಿ. ಆ ತಿಂಗಳ 22ರಂದು ಅಲ್ಲಿನ ಮೂಲನಿವಾಸಿಗಳಾದ ಪೌಹಟನ್ ಜನರು ತಮ್ಮ ನೆಲಕ್ಕೆ ನುಗ್ಗಿದವರ ಮೇಲೆ ತಿರುಗಿಬಿದ್ದಾಗ 347 ವಲಸಿಗರು ಸತ್ತರು. 1621ರ ಕೊನೆಗೆ ಹಡಗಿಳಿದ ವಧು ಸಂಸಾರ ಹೂಡಿ ಕೆಲವೇ ತಿಂಗಳಾಗಿತ್ತು ಅಷ್ಟೇ.

ಪ್ರಶ್ನೆ: ಹೆಂಡತಿ ಸತ್ತು ಎರಡೇ ತಿಂಗಳಿಗೆ ನಾಯಕ ಇನ್ನೊಬ್ಬಳನ್ನು ಮದುವೆ ಆಗುತ್ತಾನೆ. ಪುಸ್ತಕ ಅಲ್ಲಿಗೇ ಮುಚ್ಚಿಟ್ಟೆ.

ಉತ್ತರ: ದಯವಿಟ್ಟು ಮತ್ತೆ ತೆಗೆಯಿರಿ. ಪ್ಲಿಮತ್‌ನಲ್ಲಿ ನಡೆದ ಮೊದಲ ಮದುವೆಯೇ ಹಾಗಿತ್ತು. ಮೇಫ್ಲವರ್‌ನಲ್ಲಿ ಬಂದ 102 ಜನರಲ್ಲಿ ಅರ್ಧದಷ್ಟು ಮಂದಿ ಮೊದಲ ಚಳಿಗಾಲದಲ್ಲೇ ತೀರಿಕೊಂಡರು. ಸುಸಾನಾ ವೈಟ್ ಗಂಡನನ್ನು ಕಳೆದುಕೊಂಡಳು, ಕೈಯಲ್ಲಿ ಹಡಗಿನಲ್ಲೇ ಹುಟ್ಟಿದ ಕೂಸು. ಎಡ್ವರ್ಡ್ ವಿನ್ಸ್‌ಲೋ ಮಾರ್ಚ್‌ನಲ್ಲಿ ಹೆಂಡತಿಯನ್ನು ಕಳೆದುಕೊಂಡ. 1621ರ ಮೇನಲ್ಲಿ ಇಬ್ಬರೂ ಮದುವೆಯಾದರು. ಅದೂ ಪಾದ್ರಿಯ ಎದುರಲ್ಲ, ಅಧಿಕಾರಿಯ ಎದುರು. ಮದುವೆ ಅನ್ನುವುದು ಲೌಕಿಕ ಕರಾರು ಅನ್ನುವುದು ಆ ಜನರ ನಂಬಿಕೆ. ಹೊಲ, ಒಲೆ, ಮಗು ಮೂರನ್ನೂ ಒಬ್ಬರೇ ನೋಡಿಕೊಂಡು ಬದುಕುಳಿಯಲು ಆಗುತ್ತಿರಲಿಲ್ಲ. ಮೊದಲು ಮದುವೆ, ಆಮೇಲೆ ನಿಧಾನಕ್ಕೆ ಪ್ರೀತಿ ಅನ್ನುವ ಕಥೆ ಈ ಕಾಲಕ್ಕೆ ಹೊಂದುವಷ್ಟು ಬೇರೆ ಯಾವುದೂ ಹೊಂದುವುದಿಲ್ಲ. ಇಬ್ಬರೂ ಸತ್ತವರ ಹೆಸರನ್ನು ಮನೆಯೊಳಗೆ ಯಾವಾಗ, ಹೇಗೆ ಎತ್ತುತ್ತಾರೆ ಅಂತ ನೋಡುತ್ತಾ ಓದಿ.

ಪ್ರಶ್ನೆ: ಅಕ್ಕಾ, ಒಂದು 'ಕ್ಲೀನ್' ಪುಸ್ತಕದಲ್ಲಿ ಹುಡುಗಿಯ ಅಪ್ಪ ಅಮ್ಮನೇ ಮದುವೆಗೆ ಮುಂಚೆ ಹುಡುಗನನ್ನು ಅವಳ ಹಾಸಿಗೆಯಲ್ಲಿ ಮಲಗಿಸುತ್ತಾರೆ! ನಡುವೆ ಒಂದು ಹಲಗೆ. ಲೇಖಕಿ ಕಟ್ಟಿದ ಕಥೆನಾ?

ಉತ್ತರ: ಕಟ್ಟಿದ್ದಲ್ಲ ತಂಗಿ, ಅದಕ್ಕೆ ಬಂಡ್ಲಿಂಗ್ ಅನ್ನುತ್ತಿದ್ದರು. ನ್ಯೂ ಇಂಗ್ಲೆಂಡ್ (ಮ್ಯಾಸಚೂಸೆಟ್ಸ್ ಸುತ್ತಮುತ್ತಲ ಉತ್ತರದ ವಸಾಹತುಗಳು) ಮತ್ತು ಪೆನ್ಸಿಲ್ವೇನಿಯಾ ಕಡೆ ರೂಢಿಯಲ್ಲಿತ್ತು. ಹುಡುಗ ಹಗಲೆಲ್ಲ ಹೊಲದಲ್ಲಿ ದುಡಿದು, ಮೈಲಿಗಟ್ಟಲೆ ಹಿಮದಲ್ಲಿ ನಡೆದು ಹುಡುಗಿಯನ್ನು ನೋಡಲು ಬರುತ್ತಾನೆ. ರಾತ್ರಿ ವಾಪಸ್ ಕಳಿಸುವ ಹಾಗಿಲ್ಲ. ಮನೆಯಲ್ಲಿ ಇರುವುದೇ ಒಂದೆರಡು ಕೋಣೆ. ಮಾತಾಡಿಕೊಳ್ಳಲಿ ಅಂತ ಇಬ್ಬರನ್ನೂ ಬಟ್ಟೆ ತೊಟ್ಟಂತೆಯೇ ಒಂದೇ ಹೊದಿಕೆಯಡಿ ಮಲಗಿಸಿ, ನಡುವೆ ಹಲಗೆ ಇಡುತ್ತಿದ್ದರು, ಇಲ್ಲವೇ ಹುಡುಗಿಯನ್ನು ಚೀಲದಂಥ ಬಟ್ಟೆಯೊಳಗೆ ಸೇರಿಸಿ ಕಟ್ಟುತ್ತಿದ್ದರು. ತಂದೆ ತಾಯಿ ಅದೇ ಸೂರಿನಡಿ.

ಕ್ಲೀನ್ ಕಾದಂಬರಿಗಳಿಗೆ ಇದು ಹಬ್ಬ. ಕತ್ತಲಲ್ಲಿ ಹಲಗೆಯ ಆಚೆಯಿಂದ ಬರುವ ದನಿ, ನಗು ತಡೆಯುವುದು, ಹಗಲಲ್ಲಿ ಹೇಳಲಾಗದ ಮಾತು. ಆದರೆ ಒಂದು ವಿಷಯ ತಿಳಿದುಕೊಂಡಿರಿ. ಹಲಗೆ ಯಾವಾಗಲೂ ತನ್ನ ಕೆಲಸ ಮಾಡುತ್ತಿರಲಿಲ್ಲ. 18ನೇ ಶತಮಾನದ ಕೊನೆಯ ಹೊತ್ತಿಗೆ ನ್ಯೂ ಇಂಗ್ಲೆಂಡಿನಲ್ಲಿ ಹತ್ತಿರ ಹತ್ತಿರ ಮೂವರಲ್ಲಿ ಒಬ್ಬ ವಧು ಮದುವೆಯ ದಿನ ಬಸುರಿಯಾಗಿರುತ್ತಿದ್ದಳು ಅಂತ ಚರ್ಚಿನ ಮದುವೆ ಮತ್ತು ಜನನದ ಪುಸ್ತಕಗಳನ್ನು ಹೋಲಿಸಿ ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಆ ಕಾಲದ ಜನ ನಮಗಿಂತ ಪರಿಶುದ್ಧರಾಗಿದ್ದರು ಅಂತ ಈ ಪುಸ್ತಕಗಳನ್ನು ಓದಿ ಅಂದುಕೊಳ್ಳಬೇಡಿ. ಬಾಗಿಲು ಎಲ್ಲಿ ಮುಚ್ಚಬೇಕು ಅನ್ನುವುದು ಇವತ್ತಿನ ಲೇಖಕಿಯ ಆಯ್ಕೆ. ಆ ಆಯ್ಕೆ ನನಗೂ ಇಷ್ಟ, ಅಷ್ಟೇ.

ಪ್ರಶ್ನೆ: ವರ್ಜೀನಿಯಾದ ತೋಟದ ಮನೆಯ ಕಥೆ ಓದುತ್ತಿದ್ದೇನೆ. ನಾಯಕಿಯ ಕೂದಲು ಬಾಚಲು, ಅಡುಗೆ ಮಾಡಲು, ಕುದುರೆ ನೋಡಲು 'ಸೇವಕರು' ಇದ್ದಾರೆ. ಎಲ್ಲರೂ ನಗುತ್ತಲೇ ಇರುತ್ತಾರೆ. ಇವರು ಗುಲಾಮರು ಅಂತ ಹೊಳೆದ ಮೇಲೆ ಪ್ರೇಮಕಥೆಯಲ್ಲಿ ಮನಸ್ಸು ನಿಲ್ಲುತ್ತಿಲ್ಲ. ಇಂಥವನ್ನು ಓದುವುದೇ ತಪ್ಪಾ?

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಹೊತ್ತು ಯೋಚಿಸಿದೆ. ಓದುವುದು ತಪ್ಪಲ್ಲ. ಆದರೆ ನಿಮ್ಮ ಮನಸ್ಸು ನಿಲ್ಲದಿರುವುದಕ್ಕೆ ಕಾರಣ ಆ ಪುಸ್ತಕದ ದೋಷ, ಅದನ್ನು ದೋಷ ಅಂತಲೇ ಕರೆಯಬೇಕು.

ಆಫ್ರಿಕಾದಿಂದ ಸೆರೆಹಿಡಿದು ತಂದ ಇಪ್ಪತ್ತಕ್ಕೂ ಹೆಚ್ಚು ಜನ ವರ್ಜೀನಿಯಾದ ಪಾಯಿಂಟ್ ಕಂಫರ್ಟ್ ದಡಕ್ಕೆ ಬಂದದ್ದು 1619ರ ಆಗಸ್ಟ್‌ನಲ್ಲಿ. ಅಂದರೆ ನಾವು ಈಗ ಮಾತಾಡಿದ ತಂಬಾಕಿನ ವಧುಗಳಿಗಿಂತ ಮೊದಲೇ. 1662ರಲ್ಲಿ ವರ್ಜೀನಿಯಾ ಒಂದು ಕಾನೂನು ಮಾಡಿತು: ತಾಯಿ ಗುಲಾಮಳಾಗಿದ್ದರೆ ಹುಟ್ಟುವ ಮಗುವೂ ಗುಲಾಮ, ಅಪ್ಪ ಯಾರೇ ಆಗಿರಲಿ. ಸ್ವಾತಂತ್ರ್ಯ ಯುದ್ಧ ಶುರುವಾಗುವ ಹೊತ್ತಿಗೆ ವಿಲಿಯಮ್ಸ್‌ಬರ್ಗ್ ಪಟ್ಟಣದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಜನ ಕಪ್ಪು ವರ್ಣದವರು, ಅವರಲ್ಲಿ ಹೆಚ್ಚಿನವರು ಗುಲಾಮರು. ಆ ಊರಿನ ಬೀದಿಯಲ್ಲಿ ನಡೆಯುವ ಕಥೆಯಲ್ಲಿ ಊರಿನ ಅರ್ಧ ಜನ ಬರೀ ತಟ್ಟೆ ಹಿಡಿದು ನಿಂತಿದ್ದರೆ, ಆ ಲೇಖಕಿ ಊರನ್ನು ನೋಡಿಲ್ಲ ಅಂತಲೇ ಅರ್ಥ.

ಪ್ರೇಮಕಥೆ ಬರೆಯುವವರಂತೂ ಇದನ್ನು ಬಿಟ್ಟು ಹೋಗಲೇಬಾರದು. ಅಡ್ಡಿಯೇ ಈ ಕಥೆಗಳ ಜೀವ ಅಂತ ಮೇಲೆ ಹೇಳಿದೆನಲ್ಲ, ಹಾಗಾದರೆ ಎಲ್ಲಕ್ಕಿಂತ ದೊಡ್ಡ ಅಡ್ಡಿ ಇದ್ದದ್ದು ಯಾರಿಗೆ? ಗುಲಾಮರ ಮದುವೆಗೆ ವರ್ಜೀನಿಯಾದ ಕಾನೂನಿನಲ್ಲಿ ಬೆಲೆಯೇ ಇರಲಿಲ್ಲ. ಗಂಡ ಒಂದು ತೋಟದಲ್ಲಿ, ಹೆಂಡತಿ ಇನ್ನೊಂದರಲ್ಲಿ. ಯಜಮಾನ ಸತ್ತು ಆಸ್ತಿ ಪಾಲಾದರೆ ಮಕ್ಕಳೂ ಪಾಲಾಗುತ್ತಿದ್ದರು. ಆ ಕಾಲದ ವರ್ಜೀನಿಯಾ ಗೆಜೆಟ್ ಪತ್ರಿಕೆಯಲ್ಲಿ ತಪ್ಪಿಸಿಕೊಂಡ ಗುಲಾಮರನ್ನು ಹಿಡಿದು ಕೊಡಿ ಅನ್ನುವ ಜಾಹೀರಾತುಗಳು ಬರುತ್ತಿದ್ದವು. ಅವನ ಎತ್ತರ, ತೊಟ್ಟ ಅಂಗಿ, ಮೈಮೇಲಿನ ಗಾಯದ ಗುರುತು ಎಲ್ಲ ಬರೆದು, ಹೆಂಡತಿ ಇಂಥ ಕಡೆ ಇದ್ದಾಳೆ, ಅಲ್ಲಿಗೇ ಹೋಗಿರಬಹುದು ಅಂತ ಎಷ್ಟೋ ಜಾಹೀರಾತುಗಳಲ್ಲಿ ಇರುತ್ತದೆ. ಹಿಡಿದು ಕೊಟ್ಟವರಿಗೆ ಇನಾಮು ಎಷ್ಟು ಅಂತಲೂ. ಇನ್ನೊಬ್ಬರ ಆಸ್ತಿ ಅಂತ ಬರೆಸಿಕೊಂಡ ಮನುಷ್ಯ, ಸಿಕ್ಕಿಬಿದ್ದರೆ ಚಾಟಿ ಏಟು ಅಂತ ಗೊತ್ತಿದ್ದೂ, ಹೆಂಡತಿಯನ್ನು ನೋಡಲು ರಾತ್ರಿ ಕಾಡು ಹಾಯ್ದು ಹೋಗುತ್ತಿದ್ದ. ಇದಕ್ಕಿಂತ ದೊಡ್ಡ ಪ್ರೇಮಕಥೆ ಆ ನೆಲದಲ್ಲಿ ನಡೆದಿದೆಯಾ?

ಉತ್ತರದ ವಸಾಹತುಗಳು ಕೈತೊಳೆದುಕೊಂಡಿದ್ದವು ಅಂತಲೂ ಅಂದುಕೊಳ್ಳಬೇಡಿ. ಮ್ಯಾಸಚೂಸೆಟ್ಸ್ 1641ರಲ್ಲೇ ಗುಲಾಮಗಿರಿಗೆ ಕಾನೂನಿನಲ್ಲಿ ಜಾಗ ಕೊಟ್ಟಿತ್ತು. 1773ರಲ್ಲಿ ಕವನ ಸಂಕಲನ ತಂದ ಫಿಲಿಸ್ ವೀಟ್ಲಿ ಬಾಸ್ಟನ್‌ಗೆ ಬಂದದ್ದು 1761ರಲ್ಲಿ, ಗುಲಾಮರ ಹಡಗಿನಲ್ಲಿ, ಹಾಲುಹಲ್ಲು ಬೀಳುತ್ತಿದ್ದ ವಯಸ್ಸಿನಲ್ಲಿ.

ನಾನು ಹೀಗೆ ನೋಡುತ್ತೇನೆ: ಪುಸ್ತಕದಲ್ಲಿ ಈ ಜನರಿಗೆ ಹೆಸರಿದೆಯಾ, ತಮ್ಮದೇ ಆಸೆ, ಸಿಟ್ಟು, ಸಂಸಾರ ಇದೆಯಾ, ನಾಯಕಿ ಕೋಣೆಯಲ್ಲಿ ಇಲ್ಲದಾಗ ಅವರು ಮಾತಾಡುತ್ತಾರಾ? ನಾಯಕಿಗೆ ತನ್ನ ರೇಷ್ಮೆ ಲಂಗದ ದುಡ್ಡು ಎಲ್ಲಿಂದ ಬಂತು ಅಂತ ಗೊತ್ತಿದೆಯಾ? ಇದಕ್ಕೆಲ್ಲ ಹೌದು ಅನ್ನುವ ಕಾದಂಬರಿಗಳು ಈಗ ಬರುತ್ತಿವೆ. ನಿಮ್ಮ ಕೈಯಲ್ಲಿರುವುದನ್ನು ಅರ್ಧಕ್ಕೇ ಬಿಡಬೇಕು ಅನ್ನಿಸಿದರೆ ಬಿಡಿ.

ಪ್ರಶ್ನೆ: ನಾಯಕಿಯನ್ನು ಮೂಲನಿವಾಸಿಗಳು ಸೆರೆಹಿಡಿಯುತ್ತಾರೆ, ಆಮೇಲೆ ಅವಳು ಅವರಲ್ಲೊಬ್ಬನನ್ನು ಪ್ರೀತಿಸುತ್ತಾಳೆ. ನಂಬಲು ಕಷ್ಟ ಅನ್ನಿಸಿತು.

ಉತ್ತರ: ನಂಬಬಹುದು, ಆದರೆ ಲೇಖಕಿ ಆ ದಾರಿಯನ್ನು ನಿಧಾನಕ್ಕೆ ನಡೆಸಿದ್ದರೆ ಮಾತ್ರ. 1704ರ ಫೆಬ್ರವರಿ 29ರಂದು ಮ್ಯಾಸಚೂಸೆಟ್ಸ್‌ನ ಡೀರ್‌ಫೀಲ್ಡ್ ಊರಿನ ಮೇಲೆ ಫ್ರೆಂಚರು ಮತ್ತು ಅವರ ಜೊತೆಗಾರ ಮೂಲನಿವಾಸಿಗಳು ದಾಳಿ ಮಾಡಿದರು. ಊರಿನ ಪಾದ್ರಿಯ ಮಗಳು ಯೂನಿಸ್ ವಿಲಿಯಮ್ಸ್‌ಗೆ ಆಗ 7 ವರ್ಷ. ಅಪ್ಪ ಬಿಡುಗಡೆಯಾಗಿ ಬಂದರು, ಅವಳು ಬರಲಿಲ್ಲ. ಮಾಂಟ್ರಿಯಲ್ ಬಳಿ ಮೊಹಾಕ್ ಅನ್ನುವ ಮೂಲನಿವಾಸಿಗಳ ಊರಿನಲ್ಲಿ ಬೆಳೆದಳು, ಇಂಗ್ಲಿಷ್ ಮರೆತಳು, 1713ರಲ್ಲಿ ಮೊಹಾಕ್ ಗಂಡಸನ್ನು ಮದುವೆಯಾದಳು. ಅಪ್ಪ ಬಂದು ಬೇಡಿಕೊಂಡರೂ ಹೊರಡಲಿಲ್ಲ. ಆಮೇಲೆ ಗಂಡನ ಜೊತೆ ತವರಿನವರನ್ನು ನೋಡಲು ಬಂದು ಹೋದಳು, ಉಳಿಯಲು ಮಾತ್ರ ಒಪ್ಪಲಿಲ್ಲ. ಮೇರಿ ಜೆಮಿಸನ್ ಕಥೆಯೂ ಇಂಥದ್ದೇ. ಹರೆಯದಲ್ಲಿ ಸೆರೆಯಾಗಿ, ಸೆನೆಕಾ ಜನರ ಮನೆಮಗಳಾಗಿ, ಬಿಡುಗಡೆಯ ಅವಕಾಶ ಬಂದಾಗಲೂ ಅಲ್ಲೇ ಉಳಿದವಳು.

ಈ ಎರಡರಲ್ಲೂ ಮೊದಲು ಬಂದದ್ದು ಪ್ರೀತಿಯಲ್ಲ, ದುಃಖ. ಆಮೇಲೆ ಭಾಷೆ, ಆಮೇಲೆ ಅವಳನ್ನು ತಮ್ಮವಳು ಅಂತ ಒಪ್ಪಿಕೊಂಡ ಹೆಂಗಸರು. ಅಂಥ ಹೆಂಗಸರು ಇಲ್ಲದೆ ನೇರ ಯೋಧನ ಕುದುರೆ ಮೇಲೆ ಪ್ರೀತಿ ಹುಟ್ಟಿದರೆ ನಂಬಬೇಡಿ. ಇನ್ನೊಂದು ಗುರುತು: ಬರೀ 'ಇಂಡಿಯನ್' ಅಂತ ಬರೆದು ಯಾವ ಜನ ಅಂತ ಹೇಳದ ಪುಸ್ತಕ. ಮೊಹಾಕ್, ಲೆನಾಪೆ, ಶಾನಿ, ಚೆರೋಕಿ ಇವರ ಭಾಷೆ ಬೇರೆ, ಮನೆ ಕಟ್ಟುವ ರೀತಿ ಬೇರೆ, ಯುದ್ಧದಲ್ಲಿ ಯಾರ ಕಡೆ ಅನ್ನುವುದೂ ಬೇರೆ.

ಪ್ರಶ್ನೆ: ಪೊಕಾಹಾಂಟಸ್ ಮತ್ತು ಜಾನ್ ಸ್ಮಿತ್ ನಿಜಕ್ಕೂ ಪ್ರೀತಿಸಿದ್ದರಾ?

ಉತ್ತರ: ಇಲ್ಲ. ಜೇಮ್ಸ್‌ಟೌನ್‌ನ ಮುಂದಾಳುಗಳಲ್ಲಿ ಒಬ್ಬನಾದ ಸ್ಮಿತ್ ಅಲ್ಲಿಗೆ ಬಂದ 1607ರಲ್ಲಿ, ಪೌಹಟನ್ ಜನರ ಮುಖ್ಯಸ್ಥನ ಮಗಳಾದ ಪೊಕಾಹಾಂಟಸ್‌ಗೆ ಸುಮಾರು 11 ವರ್ಷ. ಅವಳು ಇಂಗ್ಲಿಷರ ಸೆರೆಯಲ್ಲಿದ್ದಾಗ ಪರಿಚಯವಾಗಿ, 1614ರಲ್ಲಿ ಮದುವೆಯಾದದ್ದು ಜಾನ್ ರಾಲ್ಫ್ ಅನ್ನುವ ತಂಬಾಕು ಬೆಳೆಗಾರನನ್ನು. 1617ರಲ್ಲಿ ಇಂಗ್ಲೆಂಡಿನ ಗ್ರೇವ್ಸೆಂಡ್‌ನಲ್ಲಿ ತೀರಿಕೊಂಡಳು.

ಪ್ರಶ್ನೆ: ಪುಸ್ತಕ ಕ್ಲೀನ್ ಹೌದೋ ಅಲ್ಲವೋ ಅಂತ ಕೊಳ್ಳುವ ಮುಂಚೆ ತಿಳಿಯೋದು ಹೇಗೆ? ಮುಖಪುಟ ನೋಡಿ ಮೋಸ ಹೋಗಿದ್ದೇನೆ. ಜೊತೆಗೆ, ಕೆಲವದರಲ್ಲಿ ದೇವರ ಮಾತು ಜಾಸ್ತಿ ಆಗುತ್ತದೆ.

ಉತ್ತರ: ಮುಖಪುಟ ನಂಬಬೇಡಿ. ಉದ್ದ ಲಂಗ, ಹಸಿರು ಬಯಲು ಇದ್ದ ಮಾತ್ರಕ್ಕೆ ಕ್ಲೀನ್ ಅಂತ ಅಲ್ಲ. 'ಸ್ವೀಟ್', 'ಕ್ಲೀನ್ ಅಂಡ್ ಹೋಲ್‌ಸಮ್' ಅಂತ ಇದ್ದರೆ ಹಾಸಿಗೆ ದೃಶ್ಯ ಇರುವುದಿಲ್ಲ, ಧರ್ಮದ ಮಾತು ಇರಬೇಕು ಅಂತೇನಿಲ್ಲ. 'ಇನ್‌ಸ್ಪಿರೇಷನಲ್' ಅಂದರೆ ಕ್ರೈಸ್ತ ನಂಬಿಕೆ ಕಥೆಯ ಭಾಗ. ಬೆಥನಿ ಹೌಸ್, ರೆವೆಲ್ ಥರದ ಪ್ರಕಾಶಕರು ತರುವುದು ಈ ಬಗೆ. ಕ್ಲೀನ್ ಅಂದರೆ ರಕ್ತ ಇಲ್ಲ ಅಂತಲೂ ಅಲ್ಲ, ಯುದ್ಧ, ಸಿಡುಬು, ಹೆರಿಗೆಯಲ್ಲಿ ಸಾವು ಎಲ್ಲ ಇರಬಹುದು. ಇಂಟರ್ನೆಟ್ಟಿನಲ್ಲಿ ಸಿಗುವ ಮೊದಲ ಅಧ್ಯಾಯವನ್ನು ಓದಿಯೇ ಕೊಳ್ಳಿ.

ದೇವರ ಮಾತಿನ ಬಗ್ಗೆ: ಆ ಜನರ ಬದುಕಿನಿಂದ ಅದನ್ನು ತೆಗೆದರೆ ಕಥೆ ಸುಳ್ಳಾಗುತ್ತದೆ. 1739ರಲ್ಲಿ ಜಾರ್ಜ್ ವೈಟ್‌ಫೀಲ್ಡ್ ಅನ್ನುವ ಬೋಧಕ ಫಿಲಡೆಲ್ಫಿಯಾದ ಬೀದಿಯಲ್ಲಿ, ನ್ಯಾಯಾಲಯದ ಮೆಟ್ಟಿಲ ಮೇಲೆ ನಿಂತು ಮಾತಾಡಿದಾಗ, ಬೆಂಜಮಿನ್ ಫ್ರಾಂಕ್ಲಿನ್ ಹಿಂದೆ ಹಿಂದೆ ನಡೆಯುತ್ತಾ ದನಿ ಎಲ್ಲಿಯ ತನಕ ಕೇಳುತ್ತದೆ ಅಂತ ಅಳೆದು, 30,000ಕ್ಕೂ ಹೆಚ್ಚು ಜನರಿಗೆ ಕೇಳಿಸಬಹುದು ಅಂತ ಲೆಕ್ಕ ಹಾಕಿದ್ದರು. ಹಾಗೆ ಊರಿಗೆ ಊರೇ ಸೇರುವ ಕಡೆ ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡದೆ ಇರುತ್ತಾರಾ? ನಂಬಿಕೆ ಪಾತ್ರದೊಳಗಿಂದ ಬಂದರೆ ಚೆಂದ. ಕಥೆ ನಿಲ್ಲಿಸಿ ಉಪದೇಶ ಶುರುವಾದರೆ ಆ ಪುಟ ಹಾರಿಸಿ, ಏನೂ ತಪ್ಪಿಲ್ಲ.

ಪ್ರಶ್ನೆ: ಬಟ್ಟೆಬರೆ, ಊಟ, ಚಹಾ ಇವುಗಳ ವಿವರ ಪುಟಗಟ್ಟಲೆ ಇರುತ್ತದೆ. ಬೇಕಾ ಅಷ್ಟು?

ಉತ್ತರ: ಕಥೆಗೆ ಕೆಲಸಕ್ಕೆ ಬಂದರೆ ಬೇಕು. ಉದಾಹರಣೆಗೆ ಜೇಬು. ಆಗಿನ ಹೆಂಗಸರ ಲಂಗಕ್ಕೆ ಜೇಬು ಹೊಲಿದಿರುತ್ತಿರಲಿಲ್ಲ. ಬಟ್ಟೆಯ ಚೀಲವೊಂದನ್ನು ಲಾಡಿಯಿಂದ ಸೊಂಟಕ್ಕೆ, ಲಂಗದ ಒಳಗೆ ಕಟ್ಟಿಕೊಳ್ಳುತ್ತಿದ್ದರು. ಲಂಗದ ಪಕ್ಕದ ಸೀಳಿನಿಂದ ಕೈ ಹಾಕಬೇಕು. ಬೀಗದ ಕೈ, ಸೂಜಿ, ಚಿಲ್ಲರೆ, ಅವನ ಪತ್ರ, ಎಲ್ಲ ಅಲ್ಲಿ. ಇಡೀ ಮನೆಯಲ್ಲಿ ಅವಳೊಬ್ಬಳದ್ದೇ ಅನ್ನುವ ಜಾಗ ಅದೊಂದೇ ಇದ್ದರೂ ಇರಬಹುದು. ಚಹಾ ಇನ್ನೂ ಜೋರು. 1774ರ ಅಕ್ಟೋಬರ್ 25ರಂದು ನಾರ್ತ್ ಕ್ಯಾರೊಲಿನಾದ ಈಡೆಂಟನ್‌ನಲ್ಲಿ 51 ಹೆಂಗಸರು ಚಹಾ ಸೇರಿದಂತೆ ಬ್ರಿಟಿಷ್ ಸಾಮಾನು ಬೇಡ ಅನ್ನುವ ಹೋರಾಟಕ್ಕೆ ಬೆಂಬಲವಾಗಿ ಹೆಸರು ಹಾಕಿ ಸಹಿ ಮಾಡಿದರು. ಅಪ್ಪ ರಾಜನ ಕಡೆ, ಪ್ರೀತಿಸಿದವನು ಬಂಡಾಯದ ಕಡೆ ಅಂದಾಗ, ಅತಿಥಿಯಾಗಿ ಹೋದ ಮನೆಯಲ್ಲಿ ಒಂದು ಬಟ್ಟಲು ಚಹಾ ಮುಂದಿಟ್ಟರೆ ಆ ಹುಡುಗಿ ಏನು ಮಾಡಬೇಕು? ಕುಡಿದರೂ ಕಷ್ಟ, ಬಿಟ್ಟರೂ ಕಷ್ಟ.

ಪ್ರಶ್ನೆ: ಕೊನೆಗೆ ಎಲ್ಲರಿಗೂ ಮದುವೆ ಆಗಿಯೇ ಆಗುತ್ತದೆ ಅಂತ ಗೊತ್ತಿದ್ದ ಮೇಲೆ ಕುತೂಹಲ ಎಲ್ಲಿ ಉಳಿಯುತ್ತದೆ? ನನಗೆ ಹದಿನೆಂಟರ ಹುಡುಗಿಯರ ಕಥೆ ಸಾಕಾಗಿದೆ.

ಉತ್ತರ: ಹಾಗಾದರೆ ವಿಧವೆ ನಾಯಕಿಯರ ಕಥೆ ಹಿಡಿಯಿರಿ. ಇಂಗ್ಲಿಷ್ ಕಾನೂನಿನ ಪ್ರಕಾರ ಮದುವೆಯಾದ ಹೆಂಗಸಿನ ಕೈಯಲ್ಲಿದ್ದ ಹಣ, ಸಾಮಾನು, ದುಡಿಮೆ ಗಂಡನದ್ದು. ಅವಳ ಜಮೀನಿನ ಉಸ್ತುವಾರಿಯೂ ಅವನದ್ದೇ. ಅವಳ ಹೆಸರಿನಲ್ಲಿ ಕರಾರು ಮಾಡುವ ಹಾಗಿಲ್ಲ. ಆದರೆ ಗಂಡ ಸತ್ತರೆ ಅವನ ಜಮೀನಿನ ಮೂರನೇ ಒಂದು ಪಾಲಿನ ಮೇಲೆ ಅವಳು ಬದುಕಿರುವ ತನಕ ಅವಳಿಗೆ ಹಕ್ಕು, ಜೊತೆಗೆ ತಾನೇ ವ್ಯಾಪಾರ ಮಾಡಬಹುದು, ಕೋರ್ಟಿಗೂ ಹೋಗಬಹುದು. ವಿಲಿಯಮ್ಸ್‌ಬರ್ಗ್‌ನ ಕ್ಲೆಮೆಂಟೀನಾ ರಿಂಡ್‌ನ ಗಂಡ 1773ರಲ್ಲಿ ತೀರಿಕೊಂಡಾಗ, ಅವಳು ಮಕ್ಕಳನ್ನು ಕಟ್ಟಿಕೊಂಡು ಅವನ ಅಚ್ಚುಕೂಟ ಮತ್ತು ಪತ್ರಿಕೆಯನ್ನು ತಾನೇ ನಡೆಸಿದಳು. ಮರುವರ್ಷ ವಸಾಹತಿನ ಶಾಸನಸಭೆ ತನ್ನ ಮುದ್ರಣದ ಕೆಲಸವನ್ನು ಅವಳಿಗೇ ಒಪ್ಪಿಸಿತು. ಮುಂದೆ ಸ್ವಾತಂತ್ರ್ಯ ಘೋಷಣೆ ಬರೆದ ಥಾಮಸ್ ಜೆಫರ್ಸನ್‌ರ ಬರಹವನ್ನೂ ಅವಳು ಅಚ್ಚು ಹಾಕಿದಳು. ಆ ವರ್ಷವೇ, 1774ರ ಸೆಪ್ಟೆಂಬರ್‌ನಲ್ಲಿ, ಕಾಯಿಲೆಯಿಂದ ತೀರಿಕೊಂಡಳು.

ಇಂಥ ಹೆಂಗಸಿಗೆ ಮತ್ತೆ ಪ್ರೀತಿ ಹುಟ್ಟಿದರೆ ಅವಳ ಎದುರಿಗಿರುವ ಪ್ರಶ್ನೆ ಹದಿನೆಂಟರ ಹುಡುಗಿಯದ್ದಕ್ಕಿಂತ ಬೇರೆ. ಹೂಂ ಅಂದರೆ ಅಂಗಡಿ, ಲೆಕ್ಕದ ಪುಸ್ತಕ, ಸಹಿ ಮಾಡುವ ಹಕ್ಕು ಎಲ್ಲ ಅವನ ಕೈಗೆ. ಮದುವೆಗೆ ಮುಂಚೆಯೇ ಕರಾರು ಬರೆದು ಆಸ್ತಿಯನ್ನು ಬೇರೆಯವರ ಉಸ್ತುವಾರಿಗೆ ಒಪ್ಪಿಸಿ ಕಾಪಾಡಿಕೊಳ್ಳುವ ದಾರಿ ಆಗಲೂ ಇತ್ತು, ಕೆಲವು ವಿಧವೆಯರು ಅದನ್ನು ಬಳಸಿಕೊಂಡರು. ಹಾಗಾಗಿ ಕಾದಂಬರಿಯಲ್ಲಿ ವಕೀಲರ ಮನೆಗೆ ಹೋಗುವ ಅಧ್ಯಾಯ ಬಂದರೆ ಬೋರು ಅಂತ ದಾಟಿಸಬೇಡಿ. ಅವಳ ಅಚ್ಚುಕೂಟದ ಮೇಲೆ ತನಗೆ ಹಕ್ಕು ಬೇಡ ಅಂತ ಅವನು ಸಹಿ ಹಾಕುವ ದೃಶ್ಯ, ನನ್ನ ಮಟ್ಟಿಗೆ, ಆ ಒಂದೇ ಒಂದು ಮುತ್ತಿಗಿಂತ ಮೇಲು.